ತಮ್ಮನನ್ನು ದಾವಣಗೆರೆಗೆ ವಾಪಸ್ ಕರೆತರಬಹುದಾ? – ಪ್ರತಿಕ್ರಿಯೆ
ಮೂರು ತಿಂಗಳು ವ್ಯಸನಮುಕ್ತಿ ಸೆಂಟರ್‌ನಲ್ಲಿದ್ದು ಹೆರಾಯಿನ್ ಬಿಟ್ಟ ತಮ್ಮ ದಾವಣಗೆರೆಗೆ ಬಂದರೆ ಮತ್ತೆ ಶುರು ಮಾಡುತ್ತಾನಾ ಅಂತ ಕೇಳಿದ್ದೀರಿ. ಊರಿಗಿಂತ ಮೊದಲ ಕೆಲವು ವಾರಗಳ ಬಗ್ಗೆ ಜಾಸ್ತಿ ಯೋಚಿಸಿ ಸರ್. ಬಿಟ್ಟ ಮೇಲೆ ದೇಹಕ್ಕೆ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ, ಹಳೇ ಅಳತೆಯಲ್ಲಿ ಒಂದೇ ಸಲ ತಗೊಂಡರೂ ಉಸಿರು ನಿಂತು ಜೀವ ಹೋಗಬಹುದು. ಡಾಕ್ಟರ್ ಹೆರಾಯಿನ್ ಹಂಬಲ ತಡೆಯುವ ಬುಪ್ರೆನಾರ್ಫಿನ್ ಮಾತ್ರೆ ಬರೆದಿದ್ದರೆ, "ಇದೂ ಒಂದು ಚಟಾನೇ ಅಲ್ವಾ" ಅನ್ನೋ ನೆಂಟರ ಮಾತು ಕೇಳಿ ನಿಲ್ಲಿಸಬೇಡಿ.

ಚಟ ಬಿಟ್ಟಿದ್ದ ನಮ್ಮ ಅಣ್ಣ ಮತ್ತೆ ಜಾರಿದ್ದು ಹಳೇ ಗೆಳೆಯರಿಂದಲ್ಲ, ಸುಮ್ನೆ ಕೂತ ಸಂಜೆಗಳಿಂದ. ನಾವೋ ದಿನಾ ಅವನ ಜೇಬು ತಡಕುತ್ತಿದ್ದೆವು, ಅದು ಇನ್ನೂ ಕೆಟ್ಟದ್ದು. ಬೆಣ್ಣೆ ದೋಸೆ ಹೋಟೆಲಿನಲ್ಲಿ ಬೆಳಗಿನ ಐದಕ್ಕೇ ಕೆಲಸ ಸಿಕ್ಕ ಮೇಲೆ ರಾತ್ರಿ ನಿದ್ದೆ ಬರತೊಡಗಿತು. ಒಂದು ವೇಳೆ ಜಾರಿದರೆ ಬೈಯಬೇಡಿ, ಅವತ್ತೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.