ನಮ್ಮ ಸೀಮೆ ಮರುಭೂಮಿ ಆಗುತ್ತದಾ?

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ಆರು ಎಕರೆ ಕೆಂಪು ಹೊಲ, ಮಳೆ ನಂಬಿ ಕಡಲೆಕಾಯಿ ಹಾಕುತ್ತೇವೆ. ಹೋದ ಆಷಾಢದಲ್ಲಿ ರಾಯದುರ್ಗದ ಕಡೆ ನೆಂಟರ ಊರಿಗೆ ಹೋಗಿದ್ದೆ. ಕಣೇಕಲ್ ಸುತ್ತ ಹೊಲದ ಮೇಲೇ ಮರಳು ದಿಬ್ಬ ನಿಂತಿವೆ. ನಮ್ಮೂರೂ ಹಾಗೇ ಆಗುತ್ತದಾ ಸರ್?

ಉತ್ತರ: ಆ ಮರಳು ನೋಡಿದ ಯಾವ ರೈತನಿಗೂ ಎದೆ ಝಲ್ ಅನ್ನುತ್ತದೆ. ಆದರೆ ಅದು ಹಗರಿ ಹೊಳೆಯ ಮರಳು. ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ ದಾಟಿ ಹೋಗುವ ವೇದಾವತಿಯೇ ಅಲ್ಲಿ ಹಗರಿ. ಹೊಳೆ ಒಣಗಿ ಮರಳು ಬಯಲಿಗೆ ಬಿದ್ದಿದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಜೋರು ಗಾಳಿ ಅದನ್ನು ಹೊಲಗಳ ಮೇಲೆ ತಂದು ಸುರಿಯುತ್ತದೆ. ನಿಮ್ಮ ಹೊಲ ಹೊಳೆ ದಂಡೆಯಲ್ಲಿ ಇಲ್ಲದಿದ್ದರೆ ಆ ದಿಬ್ಬದ ಭಯ ಬೇಡ.

ಮಳೆಯ ಲೆಕ್ಕದಲ್ಲೂ ನಾವು ಮರುಭೂಮಿ ಅಲ್ಲ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಆಸುಪಾಸು, ಪಾವಗಡದಲ್ಲಿ 500ರ ಆಸುಪಾಸು. ಮುಂಗಾರನ್ನು ಘಟ್ಟ ತಡೆಯುತ್ತದೆ, ಹಿಂಗಾರು ತರುವ ಕಡಲು ದೂರ. ಎರಡರಲ್ಲೂ ಮಿಕ್ಕಿದ್ದು ನಮಗೆ. ಆದರೂ 500 ಮಿ.ಮೀ. ಅಂದರೆ ಎಕರೆಗೆ ಸುಮಾರು 20 ಲಕ್ಷ ಲೀಟರ್ ನೀರು! ಅದರಲ್ಲಿ ಜಾಸ್ತಿ ಪಾಲು ಸೆಪ್ಟೆಂಬರ್, ಅಕ್ಟೋಬರಿನ ಕೆಲವೇ ಜೋರು ಮಳೆಯಲ್ಲಿ ಬಂದು, ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಹೋಗುತ್ತದೆ.

ನನ್ನ ಭಯವೆಲ್ಲ ಈ ಮಣ್ಣಿನದು. ಕಡಲೆಕಾಯಿ ಗಿಡವನ್ನು ಬೇರುಸಮೇತ ಕೀಳುತ್ತೇವೆ. ಬಳ್ಳಿಯನ್ನು ದನಕ್ಕೆ ಅಂತ ಬಣವೆ ಹಾಕುತ್ತೇವೆ. ಹೊಲದಲ್ಲಿ ಒಂದು ಕೂಳೆಯೂ ಉಳಿಯುವುದಿಲ್ಲ. ಅಲ್ಲಿಂದ ಮುಂದಿನ ಬಿತ್ತನೆವರೆಗೆ ಸಡಿಲ ಮಣ್ಣು ಬಿಸಿಲು ಗಾಳಿಗೆ ಬತ್ತಲೆ. ವರ್ಷ ವರ್ಷ ಹೀಗೇ ಆದರೆ ಮೆತ್ತನೆ ಮಣ್ಣು ಹೋಗಿ ಗರಸು ಉಳಿಯುತ್ತದೆ. ಹಾಕಿದ ಬೀಜವೂ ವಾಪಸ್ ಬಾರದ ಗರಸು ಹೊಲವನ್ನು ನಾನು ಮರುಭೂಮಿ ಅಂತಲೇ ಕರೆಯುತ್ತೇನೆ.

ನಿಮ್ಮ ತಾತನವರು ಕಡಲೆಕಾಯಿ ನಡುನಡುವೆ ಬೇರೆ ಬೆಳೆಯ ಅಕ್ಕಡಿ ಸಾಲು ಬಿಡುತ್ತಿದ್ದರು, ಅಲ್ವಾ? ತೊಗರಿ, ಅಲಸಂದೆ, ಹರಳು. ದಯವಿಟ್ಟು ಅದನ್ನು ಮತ್ತೆ ಶುರು ಮಾಡಿ. ಕಡಲೆಕಾಯಿ ಕಿತ್ತ ಮೇಲೂ ತೊಗರಿ ನಿಂತಿರುತ್ತದೆ, ಎಲೆ ಉದುರಿಸುತ್ತದೆ. ಕೊಯ್ಯುವಾಗ ಬುಡ ಅಲ್ಲೇ ಬಿಡಿ. ಇಳಿಜಾರಿಗೆ ಅಡ್ಡ ಬದು ಹಾಕಿ ಹೊಂಗೆ, ತಂಗಡಿ ಬೆಳೆಸಿ. ಬೇಸಿಗೆಯಲ್ಲಿ ಕೆರೆ ಗೋಡು, ಅಂದರೆ ಕೆರೆಯ ಹೂಳು, ಸಿಕ್ಕರೆ ಬಿಡಬೇಡಿ. ಕೊಚ್ಚಿಹೋದ ನಿಮ್ಮದೇ ಮಣ್ಣು ಅದು.

ಒಮ್ಮೆ ಪಕ್ಕದ ಆಂಧ್ರದ ಚೆನ್ನೇಕೊತ್ತಪಲ್ಲಿ ಕಡೆ ಹೋಗಿಬನ್ನಿ. ಅಲ್ಲಿ ಟಿಂಬಕ್ಟು ಕಲೆಕ್ಟಿವ್ ಅನ್ನೋ ಸಂಸ್ಥೆ ಜೊತೆ ಸೇರಿ ಹಳ್ಳಿಯವರು ಕಲ್ಪವಲ್ಲಿಯ ಬೋಳು ಗುಡ್ಡಗಳನ್ನು ಕಾದಿದ್ದಾರೆ. ಮುಖ್ಯ ಕೆಲಸ ಬೆಂಕಿ ಬೀಳದಂತೆ ನೋಡಿಕೊಂಡದ್ದು. ಸಾವಿರಾರು ಎಕರೆಯಲ್ಲಿ ಹುಲ್ಲು, ಗಿಡ ತಾನಾಗೇ ಎದ್ದಿದೆ. ಅದೂ ನಮ್ಮಂಥದೇ ಬರದ ನೆಲ.

ಪ್ರಶ್ನೆ: ನಮ್ಮೂರಿನ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಮಕ್ಕಳ ಹಲ್ಲು ಕಂದು ಆಗಿದೆ. ಕುದಿಸಿ ಕೊಟ್ಟರೆ ಸಾಕಾ? — ಒಬ್ಬ ತಾಯಿ, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಸಾಲದು ತಾಯಿ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಬಂಡೆಯೊಳಗೇ ಫ್ಲೋರೈಡ್ ಇದೆ. ಆಳದಲ್ಲಿ ತುಂಬಾ ಕಾಲ ಬಂಡೆಗೆ ತಾಗಿ ನಿಂತ ನೀರಿಗೆ ಅದು ಇಳಿಯುತ್ತದೆ.

ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನು ಬರೀ ಕುಡಿಯಲು ಇಡಬೇಡಿ. ಅನ್ನ, ಸಾರು, ಮುದ್ದೆಗೂ ಅದನ್ನೇ ಬಳಸಿ. ಇದನ್ನು ಎಷ್ಟೋ ಮನೆಯಲ್ಲಿ ಮರೆಯುತ್ತಾರೆ. ಸಾಧ್ಯವಾದರೆ ಮಳೆ ನೀರು ಹಿಡಿಯಿರಿ. 500 ಚದರಡಿ ಮಾಳಿಗೆ ಮೇಲೆ 500 ಮಿ.ಮೀ. ಮಳೆ ಬಿದ್ದರೆ 23 ಸಾವಿರ ಲೀಟರ್. ಪೋಲಾದದ್ದು ಕಳೆದರೂ ಐದು ಜನರ ಅಡುಗೆ, ಕುಡಿಯುವುದಕ್ಕೆ ದಿನಕ್ಕೆ 50 ಲೀಟರಿನಂತೆ ವರ್ಷಪೂರ್ತಿ ಆಗುತ್ತದೆ. ಮೊದಲ ಮಳೆಯ ನೀರು ಹೊರಗೆ ಬಿಡಿ. ತೊಟ್ಟಿಗೆ ಬಿಸಿಲು ಬೀಳದಂತೆ ಮುಚ್ಚಿ. ಮಕ್ಕಳಿಗೆ ರಾಗಿ, ಹಾಲು, ನುಗ್ಗೆ ಸೊಪ್ಪು ತಪ್ಪಿಸಬೇಡಿ.