ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಂಡೋಸ್ 10ರ ನಂತರ ಹಳೆಯ ಡೆಸ್ಕ್‌ಟಾಪ್‌ಗೆ ಯಾವ ದಾರಿ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ ವಿಷಯದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಐವರಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ 2016ರಲ್ಲಿ ಕೊಂಡದ್ದು. ಇಂಟೆಲ್ ಕೋರ್ ಐ5, ಆರನೇ ತಲೆಮಾರು, 4 ಜಿಬಿ ರ್‍ಯಾಮ್. ತೋಟದ ಮಳೆ ಲೆಕ್ಕ, ಆಳುಗಳ ಬಟವಾಡೆ ಎಲ್ಲವೂ ಎಕ್ಸೆಲ್‌ನಲ್ಲಿವೆ. ಪಹಣಿ ತೆಗೆಯುವುದೂ ಬ್ಯಾಂಕಿನ ವ್ಯವಹಾರವೂ ಅದರಲ್ಲೇ. ವಿಂಡೋಸ್ 11ಕ್ಕೆ ಈ ಕಂಪ್ಯೂಟರ್ ಒಗ್ಗುವುದಿಲ್ಲ ಎಂಬ ಸಂದೇಶ ಬರುತ್ತಿದೆ. ಅಂಗಡಿಯವರು ‘ಹೇಗಾದರೂ ಹಾಕಿಕೊಡುತ್ತೇವೆ’ ಎನ್ನುತ್ತಾರೆ. ಹಾಕಿಸಲೇ, ಹೊಸದನ್ನೇ ಕೊಳ್ಳಲೇ?
– ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಎರಡಕ್ಕೂ ಅವಸರ ಬೇಡ. ಸಂದೇಶ ಏಕೆ ಬರುತ್ತಿದೆ ಎಂಬುದನ್ನು ಮೊದಲು ನೋಡೋಣ. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಜಾಗ ಸಾಕು. ಆ ಲೆಕ್ಕದಲ್ಲಿ ತಮ್ಮ ಯಂತ್ರ ಪಾಸಾಗುತ್ತದೆ. ತೊಡಕಿರುವುದು ಸೆಕ್ಯೂರ್ ಬೂಟ್ (ಯಂತ್ರ ಶುರುವಾಗುವಾಗ ನಂಬಲರ್ಹ ತಂತ್ರಾಂಶಕ್ಕೆ ಮಾತ್ರ ಎಡೆ ಕೊಡುವ ಏರ್ಪಾಡು), ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ವ್ಯವಸ್ಥೆ) ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್ ಪಟ್ಟಿ ಎಂಬ ಮೂರು ಷರತ್ತುಗಳಲ್ಲಿ. ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಈಚಿನವು ಮಾತ್ರ ಆ ಪಟ್ಟಿಯಲ್ಲಿವೆ. ತಮ್ಮದು ಆರನೆಯದಾದ್ದರಿಂದ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶದಲ್ಲಿ) ಯಾವ ಗುಂಡಿ ಒತ್ತಿದರೂ ಆ ಸಂದೇಶ ಹೋಗದು. ಇದೇ ಸಂದೇಶ ಬರುತ್ತಿರುವ, ಆದರೆ 2018ರ ನಂತರ ಕೊಂಡ ಕಂಪ್ಯೂಟರ್ ಇರುವವರ ಸ್ಥಿತಿ ಬೇರೆ: ಅಂಥ ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಅದನ್ನು ಚಾಲೂ ಮಾಡಿರುವುದಿಲ್ಲ. ಇಂಟೆಲ್ ಬೋರ್ಡಿನ ಬಯೋಸ್‌ನಲ್ಲಿ ಪಿಟಿಟಿ ಎಂದೂ ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಎಂದೂ ಇರುವ ಆಯ್ಕೆಯನ್ನು ಆನ್ ಮಾಡಿ, ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ತಂತ್ರಾಂಶದಿಂದ ಮತ್ತೊಮ್ಮೆ ಪರೀಕ್ಷಿಸಿದರೆ ಅವರ ಸಮಸ್ಯೆ ಖರ್ಚಿಲ್ಲದೆ ಬಗೆಹರಿಯಬಹುದು.

ಅಂಗಡಿಯವರು ಹೇಳುವ ‘ಹೇಗಾದರೂ’ ಸುಳ್ಳಲ್ಲ. ರೂಫಸ್‌ನಂಥ ತಂತ್ರಾಂಶದಿಂದ ತಯಾರಿಸಿದ ಪೆನ್‌ಡ್ರೈವ್ ಈ ತಪಾಸಣೆಗಳನ್ನು ದಾಟಿಸಿ ವಿಂಡೋಸ್ 11 ಹಾಕುತ್ತದೆ, ಅದು ನಡೆಯಲೂ ನಡೆಯುತ್ತದೆ. ಆದರೆ ಹೀಗೆ ಹಾಕಿದ ಯಂತ್ರಕ್ಕೆ ಭದ್ರತಾ ಅಪ್‌ಡೇಟ್‌ಗಳು ಬಂದೇ ಬರುತ್ತವೆ ಎಂಬ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಗೆ ಮತ್ತೆ ಪೆನ್‌ಡ್ರೈವ್ ಹಿಡಿದು ಅದೇ ಕಸರತ್ತು ಮಾಡಬೇಕಾದೀತು. ಭದ್ರತಾ ಅಪ್‌ಡೇಟ್ ನಿಂತಿತೆಂದು ಹೆದರಿ ಹೊರಟವರು ಅಪ್‌ಡೇಟಿನ ಭರವಸೆಯೇ ಇಲ್ಲದ ಜಾಗಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು: ಇಂಥ ಸೇವೆಯ ಜೊತೆಗೆ ಕೆಲವೆಡೆ ಆಂಟಿವೈರಸ್ ಆಫ್ ಮಾಡಿ, ‘ಆಕ್ಟಿವೇಟರ್’ ಎಂಬ ಕಳ್ಳ ತಂತ್ರಾಂಶವನ್ನೂ ಓಡಿಸುತ್ತಾರೆ. ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಯಂತ್ರದಲ್ಲಿ ಅದಕ್ಕೆ ಎಡೆ ಕೊಡಬಾರದು.

ಹಾಗಾದರೆ ಈಗ ಮಾಡಬೇಕಾದುದು ಏನು? ಮನೆಬಳಕೆಯ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಭದ್ರತಾ ಅಪ್‌ಡೇಟ್‌ಗಳನ್ನು ಮಾತ್ರ ಮುಂದುವರಿಸುವ ‘ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್’ ಯೋಜನೆಯನ್ನು ಕೊಟ್ಟಿದೆ. ಮೊದಲು ಪ್ರಕಟಿಸಿದಂತೆ ಅದರ ಅವಧಿ 2026ರ ಅಕ್ಟೋಬರ್ 13ರವರೆಗೆ. ಯಂತ್ರದಲ್ಲಿ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸಿಕೊಳ್ಳುವ ಕೊಂಡಿ ಕಾಣಿಸುತ್ತದೆ. ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಹಣ ಕೊಡಬೇಕಿಲ್ಲ. ಇದು ಕಚೇರಿಗಳ ಡೊಮೇನ್‌ಗೆ (ಒಂದೇ ಕಡೆಯಿಂದ ನಿಯಂತ್ರಿಸುವ ಜಾಲಕ್ಕೆ) ಸೇರಿಸಿದ ಯಂತ್ರಗಳಿಗೆ ಅನ್ವಯಿಸುವುದಿಲ್ಲ, ಅವುಗಳಿಗೆ ಹಣ ಕೊಟ್ಟು ಪಡೆಯುವ ಬೇರೆ ವ್ಯವಸ್ಥೆಯಿದೆ.

ಈ ಬಿಡುವಿನಲ್ಲಿ, ವಿಂಡೋಸ್ ಬದಲಿಗೆ ಬಳಸಬಹುದಾದ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸನ್ನು ಪರೀಕ್ಷಿಸಿ ನೋಡಿ ಎಂಬುದು ನಮ್ಮ ಸಲಹೆ. ತಾವು ಪಟ್ಟಿ ಮಾಡಿದ ಕೆಲಸಗಳಲ್ಲಿ ಪಹಣಿ ಮತ್ತು ಬ್ಯಾಂಕ್ ಎರಡೂ ಬ್ರೌಸರ್‌ನಲ್ಲಿ ಆಗುವಂಥವು; ಎಕ್ಸೆಲ್ ಕಡತಗಳನ್ನು ಲಿಬ್ರೆಆಫೀಸ್ ಎಂಬ ತಂತ್ರಾಂಶ ತೆರೆಯುತ್ತದೆ. ಲಿನಕ್ಸ್‌ನ ಬಗೆಗಳಲ್ಲಿ ಒಂದಾದ ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಅದಕ್ಕೆ ಹಣವಿಲ್ಲ. ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಓಡಿಸಿದರೆ ಹಾರ್ಡ್ ಡಿಸ್ಕನ್ನು ಮುಟ್ಟದೆ ಎಲ್ಲವನ್ನೂ ನೋಡಬಹುದು: ಬಟವಾಡೆಯ ಕಡತ ತೆರೆದು ಕೂಡಿಕೆಗಳು ಸರಿಯಾಗಿ ಬರುತ್ತಿವೆಯೇ ಎಂದು ಪರಿಶೀಲಿಸಿ, ಒಂದು ಪಹಣಿ ತೆಗೆದು ತಮ್ಮ ಪ್ರಿಂಟರ್‌ನಲ್ಲೇ ಮುದ್ರಿಸಿ. ಎಕ್ಸೆಲ್‌ನಲ್ಲಿ ಮ್ಯಾಕ್ರೋಗಳಿದ್ದರೆ (ಕೆಲಸಗಳನ್ನು ತಾನಾಗಿ ಮಾಡುವ ಸಣ್ಣ ಆಜ್ಞಾವಳಿಗಳು) ಅಥವಾ ಪ್ರಿಂಟರ್ ಮುಷ್ಕರ ಹೂಡಿದರೆ ಲಿನಕ್ಸ್ ತಮಗಲ್ಲ. ಆಗ ಹೊಸ ಯಂತ್ರಕ್ಕೆ ಹಣ ಹೊಂದಿಸುವುದೇ ಸರಿ. ಯಾವ ದಾರಿ ಹಿಡಿದರೂ ಈಗಿನ ಹಾರ್ಡ್ ಡಿಸ್ಕ್ ತೆಗೆದು, ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಹಾಕಿಸುವುದು ಲಾಭದ ಖರ್ಚು. ರ್‍ಯಾಮ್ ಕೊಳ್ಳುವ ಮೊದಲು ಮಾತ್ರ ಬೋರ್ಡು ಡಿಡಿಆರ್3 ಬಗೆಯದೋ ಡಿಡಿಆರ್4 ಬಗೆಯದೋ ನೋಡಿಕೊಳ್ಳಿ. ಆರನೇ ತಲೆಮಾರಿನಲ್ಲಿ ಎರಡೂ ಇದ್ದವು.

ಪ್ರಶ್ನೆ: ನಿವೃತ್ತನಾದ ಮೇಲೆ ಸ್ಥಳೀಯ ಇತಿಹಾಸದ ಟಿಪ್ಪಣಿಗಳನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡುತ್ತಾ ಬಂದಿದ್ದೇನೆ. ಕಂಪ್ಯೂಟರನ್ನು ‘ಫಾರ್ಮ್ಯಾಟ್’ ಮಾಡಿ ವಿಂಡೋಸ್ 11 ಹಾಕಬೇಕಂತೆ. ಸಿ ಡ್ರೈವ್ ಮಾತ್ರ ಅಳಿಯುತ್ತದೆ, ಡಿ ಡ್ರೈವ್‌ನಲ್ಲಿರುವುದಕ್ಕೆ ಏನೂ ಆಗದು ಎನ್ನುತ್ತಾರೆ. ನಂಬಬಹುದೇ? ಕನ್ನಡ ಅಕ್ಷರಗಳು ಉಳಿಯುತ್ತವೆಯೇ?
– ನಿವೃತ್ತ ಶಿಕ್ಷಕರು, ಬೇಲೂರು

ಉತ್ತರ: ಡಿ ಡ್ರೈವ್ ಮೇಲಿನ ಈ ನಂಬಿಕೆಯಿಂದ ಕಡತ ಕಳೆದುಕೊಂಡವರು ಬಹಳ ಮಂದಿ ಇದ್ದಾರೆ. ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ವಿಂಡೋಸ್ ಹಾಕುವಾಗ ಬರುವ ಪರದೆಯನ್ನು ಒಮ್ಮೆ ಗಮನವಿಟ್ಟು ನೋಡಿ: ಅಲ್ಲಿ ಸಿ, ಡಿ ಎಂಬ ಅಕ್ಷರಗಳು ಇರುವುದಿಲ್ಲ. ಡಿಸ್ಕ್ 0ರ ಪಾರ್ಟಿಶನ್ 1, 2, 3 ಎಂಬ ಸಾಲುಗಳು, ಪಕ್ಕದಲ್ಲಿ ಗಾತ್ರ, ಅಷ್ಟೆ. ಎರಡು ಭಾಗಗಳ ಗಾತ್ರ ಹೆಚ್ಚುಕಡಿಮೆ ಒಂದೇ ಇದ್ದರೆ ಡಿಲೀಟ್ ಒತ್ತುವ ಕೈ ತಪ್ಪು ಸಾಲಿನ ಮೇಲೆ ಬೀಳುವುದಕ್ಕೆ ಕ್ಷಣ ಸಾಕು. ಆದ್ದರಿಂದ ಟಿಪ್ಪಣಿಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿ, ನಕಲಿನಿಂದ ನಾಲ್ಕಾರು ಕಡತಗಳನ್ನು ತೆರೆದು ನೋಡಿ, ಆ ಡಿಸ್ಕನ್ನು ಕಂಪ್ಯೂಟರ್‌ನಿಂದ ಕಳಚಿಟ್ಟ ಮೇಲೆಯೇ ಕೆಲಸಕ್ಕೆ ಕೈ ಹಾಕಲು ಹೇಳಿ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದೆಲ್ಲ ಇರುವುದು ಸಿ ಡ್ರೈವ್‌ನಲ್ಲೇ ಎಂಬುದನ್ನೂ ಮರೆಯಬೇಡಿ.

ಇನ್ನು ಅಕ್ಷರಗಳ ಸಂಗತಿ. ಹಳೆಯ ನುಡಿ ಕಡತಗಳಲ್ಲಿ ಕನ್ನಡ ಅಕ್ಷರಗಳೇ ಶೇಖರವಾಗಿರುವುದಿಲ್ಲ. ರೋಮನ್ ಲಿಪಿಗೆಂದು ಮೀಸಲಾದ ಸಂಕೇತಗಳು ಅಲ್ಲಿರುತ್ತವೆ, ನುಡಿ 01 ಇ ಮುಂತಾದ ಫಾಂಟ್‌ಗಳು ಆ ಸಂಕೇತಗಳಿಗೆ ಕನ್ನಡದ ರೂಪ ತೊಡಿಸುತ್ತವೆ. ಫಾರ್ಮ್ಯಾಟ್ ಆದ ಮೇಲೆ ಫಾಂಟ್ ಇರುವುದಿಲ್ಲವಾದ್ದರಿಂದ ಕಡತ ತೆರೆದಾಗ ಇಂಗ್ಲಿಷ್ ಅಕ್ಷರ, ಕೊಕ್ಕೆ, ಸೊನ್ನೆಗಳ ಕಲಸುಮೇಲೋಗರ ಕಾಣಿಸಿ ಎದೆ ಧಸಕ್ಕೆನ್ನುತ್ತದೆ. ಬರಹ ಹಾಳಾಗಿರುವುದಿಲ್ಲ, ನುಡಿಯನ್ನು ಮತ್ತೆ ಹಾಕಿದರೆ ಅಕ್ಷರಗಳು ಮರಳುತ್ತವೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬಲ್ಲಿಂದ ನುಡಿಯ ಫಾಂಟ್‌ಗಳನ್ನು ಮುಂಚಿತವಾಗಿ ನಕಲಿಸಿಕೊಂಡಿದ್ದರೆ ಇನ್ನೂ ಕ್ಷೇಮ. ಕನ್ನಡ ಅಕ್ಷರಗಳಿಗೇ ಪ್ರತ್ಯೇಕ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಬರೆದ ಕಡತಗಳಿಗೆ ಈ ತೊಂದರೆ ಇಲ್ಲ, ಏಕೆಂದರೆ ನಿರ್ಮಲಾ ಯುಐ ಫಾಂಟ್ ವಿಂಡೋಸ್ ಜೊತೆಗೇ ಬರುತ್ತದೆ. ಆದರೆ ತುಂಗಾ ಫಾಂಟ್ ವಿಂಡೋಸ್ 10ರಿಂದ ಈಚೆಗೆ ಐಚ್ಛಿಕವಾಗಿದೆ; ಆ ಫಾಂಟಿನಲ್ಲಿ ಪುಟ ವಿನ್ಯಾಸ ಮಾಡಿದ್ದರೆ ಆಪ್ಶನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್‌ಗಳನ್ನು ಸೇರಿಸಿಕೊಳ್ಳಬೇಕು, ಇಲ್ಲವಾದರೆ ಸಾಲುಗಳು ಏರುಪೇರಾಗುತ್ತವೆ. ತಮ್ಮ ಬೆರಳುಗಳು ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಪಳಗಿರುವುದರಿಂದ ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ಕೀಲಿಮಣೆ ಒಗ್ಗಲಿಕ್ಕಿಲ್ಲ. ಬಿಡುವಿದ್ದಾಗ ಹಳೆಯ ಟಿಪ್ಪಣಿಗಳನ್ನು ನುಡಿಯ ಪರಿವರ್ತಕದಿಂದ ಯೂನಿಕೋಡ್‌ಗೆ ತಂದುಕೊಳ್ಳಿ. ಅರ್ಕಾವೊತ್ತು, ಅಂಕಿಗಳು ಇರುವಲ್ಲಿ ಒಮ್ಮೆ ಕಣ್ಣಾಡಿಸಿ, ಮೂಲ ಕಡತವನ್ನು ಅಳಿಸದೆ ಉಳಿಸಿಕೊಳ್ಳಿ.

ಅಂದ ಹಾಗೆ, ಯಂತ್ರ ವಿಂಡೋಸ್ 11ಕ್ಕೆ ಅರ್ಹವಾಗಿದ್ದರೆ ಫಾರ್ಮ್ಯಾಟ್ ಮಾಡಲೇಬೇಕೆಂಬ ನಿಯಮವೇನೂ ಇಲ್ಲ. ವಿಂಡೋಸ್ ಒಳಗಿನಿಂದಲೇ ಅಪ್‌ಗ್ರೇಡ್ ಮಾಡಿದರೆ ಕಡತ, ಫಾಂಟ್, ನುಡಿ ಎಲ್ಲವೂ ಇದ್ದಲ್ಲೇ ಇರುತ್ತವೆ, ಹಿಡಿಸದಿದ್ದರೆ 10 ದಿನಗಳೊಳಗೆ ಹಿಂದಿನ ಆವೃತ್ತಿಗೆ ಮರಳಲೂಬಹುದು. ತಮ್ಮ ಸ್ಥಾನದಲ್ಲಿದ್ದರೆ ನಾವು ಇದನ್ನೇ ಆರಿಸಿಕೊಳ್ಳುತ್ತಿದ್ದೆವು. ಆದರೂ ಹೊರಗಿನ ಡಿಸ್ಕಿನ ನಕಲನ್ನು ಬಿಡುತ್ತಿರಲಿಲ್ಲ.

ಪ್ರಶ್ನೆ: ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದೆ. ಹೊಸ ಎಸ್‌ಎಸ್‌ಡಿಗೆ ವಿಂಡೋಸ್ 11 ಹಾಕಿಸುವ ಮುನ್ನ ಏನು ಎಚ್ಚರ ವಹಿಸಬೇಕು?
– ಲೆಕ್ಕಿಗರು, ಹಾಸನ

ಉತ್ತರ: ಟ್ಯಾಲಿಯ ಒಳಗಿನಿಂದಲೇ ಕಂಪನಿಯ ಬ್ಯಾಕಪ್ ತೆಗೆಯಿರಿ, ಡೇಟಾ ಫೋಲ್ಡರನ್ನೂ ಪ್ರತ್ಯೇಕವಾಗಿ ನಕಲಿಸಿ. ಅನಂತರ, ಹಳೆಯ ವಿಂಡೋಸ್ ಇನ್ನೂ ಚಾಲೂ ಇರುವಾಗಲೇ, ಟ್ಯಾಲಿಯ ಲೈಸೆನ್ಸನ್ನು ಸರೆಂಡರ್ ಮಾಡಿ (ಅಂದರೆ ಹಳೆಯ ವಿಂಡೋಸ್‌ನಿಂದ ಬಿಡಿಸಿಕೊಳ್ಳಿ). ಹೊಸ ವಿಂಡೋಸ್‌ನಲ್ಲಿ ಅದನ್ನು ಮತ್ತೆ ಆಕ್ಟಿವೇಟ್ ಮಾಡಿಕೊಳ್ಳುವುದು ಆಗ ಸಲೀಸು. ಜಿಎಸ್‌ಟಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುತ್ತಿದ್ದರೆ ಅದರ ಡ್ರೈವರನ್ನೂ ಪಾಸ್‌ವರ್ಡನ್ನೂ ಸಿದ್ಧವಾಗಿಟ್ಟುಕೊಳ್ಳಿ. ರಿಟರ್ನ್ ಸಲ್ಲಿಸುವ ವಾರದಲ್ಲಂತೂ ಈ ಕೆಲಸ ಬೇಡವೇ ಬೇಡ. ಹೊಸ ಯಂತ್ರದಲ್ಲಿ ಒಂದು ಬಿಲ್ ಮುದ್ರಿಸಿ, ಒಂದು ಸಹಿ ಹಾಕಿ ನೋಡುವವರೆಗೆ ಹಳೆಯ ಡಿಸ್ಕನ್ನು ಅಳಿಸಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಅಪ್‌ಗ್ರೇಡ್ ನಡುವೆ ಕರೆಂಟು ಹೋದರೆ ಕಂಪ್ಯೂಟರ್ ಸತ್ತೇ ಹೋಗುತ್ತದೆಯೇ?
– ಗೃಹಿಣಿ, ಮೂಡಿಗೆರೆ

ಉತ್ತರ: ಯಂತ್ರಕ್ಕೆ ಏನೂ ಆಗುವುದಿಲ್ಲ, ಅಪಾಯವಿರುವುದು ಡಿಸ್ಕಿನ ಮೇಲಿನ ವಿಂಡೋಸ್‌ಗೆ. ಡೌನ್‌ಲೋಡ್ ಹಂತದಲ್ಲಿ ಹೋದರೆ ಚಿಂತೆಯಿಲ್ಲ, ಅದು ಮುಂದುವರಿಯುತ್ತದೆ. ಯಂತ್ರ ರೀಸ್ಟಾರ್ಟ್ ಆಗಿ ಶೇಕಡಾವಾರು ಅಂಕಿ ಏರುತ್ತಿರುವಾಗ ಹೋದರೆ ವಿಂಡೋಸ್ ಬಹುತೇಕ ಹಿಂದಿನ ಸ್ಥಿತಿಗೆ ತಾನಾಗಿ ಮರಳುತ್ತದೆ, ಆದರೆ ಸದಾ ಮರಳೀತು ಎಂದು ನೆಚ್ಚಿಕೊಳ್ಳಲಾಗದು. ಡೆಸ್ಕ್‌ಟಾಪ್ ಜೊತೆಗೆ ಮಾರುವ ಸಣ್ಣ ಯುಪಿಎಸ್ ಕಡತ ಉಳಿಸಿ ಯಂತ್ರ ಆರಿಸುವಷ್ಟು ಹೊತ್ತಿಗೆ ಮಾತ್ರ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅಪ್‌ಗ್ರೇಡ್‌ಗೆ ಗಂಟೆಗಟ್ಟಲೆ ಹಿಡಿಯಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಲೈನಿನಿಂದ ನಡೆಸಿ, ಇಲ್ಲವೇ ಮಳೆ ಬಿಡುವ ತನಕ ಕಾಯಿರಿ. ನಿಜವಾಗಿ ಹೆದರಬೇಕಾದುದು ಬಯೋಸ್ ಅಪ್‌ಡೇಟ್‌ಗೆ: ಅದರ ನಡುವೆ ಕರೆಂಟು ಹೋದರೆ ಮದರ್‌ಬೋರ್ಡೇ ಮೂಲೆ ಸೇರಬಹುದು. ಯುಪಿಎಸ್ ಇಲ್ಲದೆ ಅದನ್ನು ಯಾರಿಂದಲೂ ಮಾಡಿಸಬೇಡಿ.

ಪ್ರಶ್ನೆ: ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಮಿಂಟ್ ಹಾಕಿದ್ದೇನೆ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಬ್ಯಾಟರಿ ಹೋಗಿದೆಯೇ?
– ಡಿಪ್ಲೊಮಾ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಬ್ಯಾಟರಿ ಹೋಗಿದ್ದರೆ ಪ್ಲಗ್ ತೆಗೆದಿಟ್ಟಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ಜಾಲತಾಣಗಳು ಪ್ರಮಾಣಪತ್ರದ ದೋಷ ತೋರಿಸುತ್ತಿದ್ದವು, ಅದಕ್ಕೆ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಬದಲಿಸಿದರೆ ಮುಗಿಯಿತು. ನಿನ್ನ ಯಂತ್ರದ ಕಥೆ ಬೇರೆ. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದೂ ವಿಂಡೋಸ್ ಸ್ಥಳೀಯ ಸಮಯ ಎಂದೂ ತಿಳಿದುಕೊಳ್ಳುತ್ತವೆ, ಭಾರತೀಯ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿದೆ. ಮಿಂಟ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯ ಸೆಟ್-ಲೋಕಲ್-ಆರ್‌ಟಿಸಿ ಆಯ್ಕೆಗೆ 1 ಎಂದು (timedatectl set-local-rtc 1) ಕೊಟ್ಟರೆ ಲಿನಕ್ಸ್ ಕೂಡ ಸ್ಥಳೀಯ ಸಮಯಕ್ಕೇ ಹೊಂದಿಕೊಳ್ಳುತ್ತದೆ. ಜೊತೆಗೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಅನ್ನು ಆಫ್ ಮಾಡು. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲವಾದ್ದರಿಂದ ಅದರ ಡ್ರೈವ್‌ಗಳಲ್ಲಿ ಲಿನಕ್ಸ್‌ನಿಂದ ಬರೆಯಲು ಬಿಡುವುದಿಲ್ಲ.