ಎಸ್ಸೆಸ್ಸೆಲ್ಸಿಯಲ್ಲಿ 619, ಈಗ ಫಸ್ಟ್ ಪಿಯು ಫಿಸಿಕ್ಸ್‌ನಲ್ಲಿ ಫೇಲ್. ಮನೆಯವರಿಗೆ ಗೊತ್ತಾಗುವ ಮೊದಲೇ ಸರಿಮಾಡಿಕೊಳ್ಳಲು ದಿನಕ್ಕೆ ಎಷ್ಟು ಗಂಟೆ ಓದಬೇಕು?

ಗಂಟೆಯ ಲೆಕ್ಕ ಬಿಡು. "ಮನೆಯವರಿಗೆ ಗೊತ್ತಾಗುವ ಮೊದಲೇ" ಎಂದು ಬರೆದಿದ್ದೀಯಲ್ಲ, ನನ್ನನ್ನು ಹಾಳು ಮಾಡಿದ್ದು ಅದೇ ಯೋಚನೆ. ಚಿಕ್ಕವರು ಅಂತ ನೀನು ಎಂದೇ ಕರೆಯುತ್ತಿದ್ದೇನೆ.

ನನಗೆ 625ಕ್ಕೆ 611 ಬಂದಿತ್ತು. ನಮ್ಮಪ್ಪ ಹೊಡೆದವರಲ್ಲ, ಬೈದವರೂ ಅಲ್ಲ. ಮದುವೆ ಮನೆಗಳಲ್ಲಿ ನನ್ನನ್ನು ಪಕ್ಕ ನಿಲ್ಲಿಸಿಕೊಂಡು, "ಇವನು ಓದೋದೇ ಬೇಡ, ಒಂದ್ಸಲ ಕೇಳಿದ್ರೆ ಸಾಕು" ಎನ್ನುತ್ತಿದ್ದರು. ಒತ್ತಡ ಅಂದರೆ ನನಗೆ ಅದೇ. ಯಾವುದನ್ನಾದರೂ ಎರಡನೇ ಸಲ ಕೇಳಬೇಕಾಗಿ ಬಂದರೆ ನಾನು ಜಾಣನೇ ಅಲ್ಲ ಎಂದು ನಂಬಿಬಿಟ್ಟಿದ್ದೆ.

ಫಸ್ಟ್ ಪಿಯುಗೆ ಹಾಸ್ಟೆಲ್ ಸೇರಿದೆ. ಫಿಸಿಕ್ಸ್‌ನಲ್ಲಿ ಟಾರ್ಕ್, ಅಂದರೆ ಬಲ ವಸ್ತುವನ್ನು ತಿರುಗಿಸುವ ಪರಿಣಾಮದ ಪಾಠ ಅರ್ಥವಾಗಲಿಲ್ಲ. ಸಂಜೆ ಡೌಟ್ ಕ್ಲಾಸ್ ಇತ್ತು, ಹೋಗಲಿಲ್ಲ. ಸೋಮಾರಿತನ ಅಲ್ಲ. ಅಲ್ಲಿಗೆ ಹೋಗುವವರು ದಡ್ಡರು, ನಾನು ಅಲ್ಲಿ ಕಾಣಿಸಿಕೊಂಡರೆ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಭಯ. ರೂಮಿನಲ್ಲಿ ಕೂತು ಬಿಡಿಸಿದ ಲೆಕ್ಕಗಳನ್ನೇ ಬಾಯಿಪಾಠ ಮಾಡಿದೆ. ಟೆಸ್ಟಿನಲ್ಲಿ ಪ್ರಶ್ನೆ ಸ್ವಲ್ಪ ತಿರುಗಿದರೂ ಕೈ ನಿಲ್ಲುತ್ತಿತ್ತು. ಟಾರ್ಕ್ ಬಿಟ್ಟಿದ್ದರಿಂದ ಅದರ ಮೇಲೇ ನಿಂತ ಆಂಗ್ಯುಲರ್ ಮೊಮೆಂಟಮ್ ಪಾಠವೂ ಹೋಯಿತು. ಸೆಕೆಂಡ್ ಪಿಯುನಲ್ಲಿ ಅಯಸ್ಕಾಂತದ ಮಧ್ಯೆ ಇಟ್ಟ ಕರೆಂಟ್ ಲೂಪ್ ಬಂದಾಗ ಮತ್ತೆ ಅದೇ ಟಾರ್ಕ್. ಒಂದು ಸಂಜೆ ಕೈ ಎತ್ತಿ ಕೇಳಿದ್ದರೆ ಮುಗಿಯುತ್ತಿತ್ತು. ಮನೆಗೆ ಫೋನ್ ಮಾಡಿದಾಗ ಮಾತ್ರ, "ಟೆಸ್ಟ್ ಚೆನ್ನಾಗಾಯ್ತು."

ಜೆಇಇ ಹೋಯಿತು. ಎರಡು ವರ್ಷದ ಸುಳ್ಳು ಅಪ್ಪನಿಗೆ ಒಂದೇ ದಿನ ಗೊತ್ತಾಯಿತು. ಆಮೇಲೆ ಎಂಜಿನಿಯರಿಂಗ್‌ನಲ್ಲಿ ನಾನು ನಿಜವಾದ ಅಂಕ ಹೇಳಿದರೂ ಕಾಲೇಜಿಗೆ ಫೋನ್ ಮಾಡಿ ಕೇಳುತ್ತಿದ್ದರು. ರ್‍ಯಾಂಕ್ ಹೋಗಿದ್ದಕ್ಕಿಂತ ಅದು ಜಾಸ್ತಿ ನೋವು.

ಮನಃಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕರೋಲ್ ಡ್ವೆಕ್ ಅಮೆರಿಕದಲ್ಲಿ ಐದನೇ ಕ್ಲಾಸಿನ ಮಕ್ಕಳ ಮೇಲೆ ಮಾಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತಡವಾಗಿ ಓದಿದೆ. ಕೆಲವರಿಗೆ "ನೀನು ಜಾಣ" ಎಂದರು, ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಎಂದರು. ಆಮೇಲೆ ಕಷ್ಟದ ಒಗಟು ಕೊಟ್ಟಾಗ ಜಾಣರೆನಿಸಿಕೊಂಡವರೇ ಹೆಚ್ಚಾಗಿ ಉತ್ಸಾಹ ಕಳೆದುಕೊಂಡರು. ಗುರುತಿಲ್ಲದ ಮಗುವಿಗೆ ತಮ್ಮ ಅಂಕ ಬರೆದು ತಿಳಿಸಬೇಕಿತ್ತು, ಅಲ್ಲೂ ಹೆಚ್ಚಿಸಿ ಬರೆದವರು ಅವರಲ್ಲೇ ಜಾಸ್ತಿ. ಗುರುತೇ ಇಲ್ಲದವರ ಮುಂದೆಯೇ ಹೀಗಾದರೆ, ಅಪ್ಪನ ಮುಂದೆ ಹೇಗಿರಬೇಡ!

ಅದಕ್ಕೇ ಟೈಮ್‌ಟೇಬಲ್ ಕೊಡುವುದಿಲ್ಲ. ಈ ಭಾನುವಾರ ಟೆಸ್ಟ್ ಪೇಪರ್ ಹಿಡಿದುಕೊಂಡು ಅಪ್ಪ ಅಮ್ಮ ಇಬ್ಬರ ಎದುರೂ ಹೇಳು. ಮಾವನ ಕೈಲೋ ಇನ್ಯಾರ ಕೈಲೋ ಹೇಳಿಸಬೇಡ. ಬೈದರೆ ಬೈಯಲಿ. ಎಂಜಿನಿಯರಿಂಗ್ ಸಿಇಟಿ ರ್‍ಯಾಂಕಿಗೆ ಅರ್ಧ ಸೆಕೆಂಡ್ ಪಿಯು ಅಂಕ, ಅರ್ಧ ಸಿಇಟಿ ಅಂಕ. ಫಸ್ಟ್ ಪಿಯು ಅಂಕ ಸೇರುವುದೇ ಇಲ್ಲ ಎಂದು ಅವರಿಗೂ ತಿಳಿಸು. ಸೋಮವಾರ ಲೆಕ್ಚರರ್ ಹತ್ತಿರ ಹೋಗಿ ಮೊದಲು ಅರ್ಥವಾಗದ ಪಾಠ ಯಾವುದೋ ಅಲ್ಲಿಂದಲೇ ಕೇಳು. ಹೇಳುವ ಧೈರ್ಯವೇ ಬರದೆ ಬದುಕೇ ಬೇಡ ಅನ್ನಿಸಿದರೆ, ಒಬ್ಬರೇ ಇರಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.